ಬೀಗದ ಮನೆಗೆ ಒಂಬತ್ತು ಕಾಳು

"ಲೆಕ್ಕವನ್ನೆಲ್ಲ ಕಂಪ್ಯೂಟರೇ ಮಾಡಿಕೊಡುವಾಗ ನಾನು ಇನ್ನು ಕಲಿಯಬೇಕಾದದ್ದು ಏನಿದೆ ಸರ್?"

ಕೇಳಿದವಳು ಮಂದಾಕಿನಿ. ಸಮಾಜಶಾಸ್ತ್ರ ವಿಭಾಗದ ಸಂಶೋಧನಾ ವಿದ್ಯಾರ್ಥಿನಿ. ಕೇಳಿಸಿಕೊಂಡವರು ಚನ್ನವೀರಪ್ಪ ಮೇಷ್ಟ್ರು. ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದವರು. ನಿವೃತ್ತಿಯ ನಂತರವೂ ವಿಭಾಗದ ಮೂಲೆಯ ಕೋಣೆಯಲ್ಲಿ ಅವರಿಗೊಂದು ಕುರ್ಚಿ ಉಳಿದಿತ್ತು. ಯಾವ ವರದಿಯೇ ಆಗಲಿ, ಆಚೆ ಹೋಗುವ ಮುಂಚೆ ಒಮ್ಮೆ ಆ ಕುರ್ಚಿಯ ಮುಂದೆ ಹಾದು ಹೋಗಬೇಕೆಂಬುದು ಅಲ್ಲಿಯ ರೂಢಿ. ಮೇಷ್ಟ್ರು ಹೊಗಳುವುದು ಕಡಿಮೆ, ಬೈಯುವುದು ಅದಕ್ಕಿಂತ ಕಡಿಮೆ. ಅದಕ್ಕೇ ಎಲ್ಲರಿಗೂ ಅವರೆಂದರೆ ಭಯ.

ಮಂದಾಕಿನಿಯ ಪ್ರಶ್ನೆಯಲ್ಲಿ ಅಹಂಕಾರವಿರಲಿಲ್ಲ, ಸಂತೋಷವಿತ್ತು. ಚಿಕ್ಕಂದಿನಿಂದ ಲೆಕ್ಕವೆಂದರೆ ಹೆದರಿ ದೂರ ಸರಿದವಳು ಅವಳು. ಹತ್ತು ದಿನದ ತರಬೇತಿ ಶಿಬಿರದಲ್ಲಿ ವಿಶ್ಲೇಷಣೆಯ ತಂತ್ರಾಂಶವನ್ನು ಕಲಿತು ಬಂದಿದ್ದಳು. ಕೈಯಲ್ಲಿ ಮಾಡಿದ್ದರೆ ತಿಂಗಳು ಹಿಡಿಯುತ್ತಿದ್ದ ಲೆಕ್ಕ ಈಗ ಎರಡು ಕ್ಲಿಕ್ಕಿಗೆ ಮುಗಿಯುತ್ತಿತ್ತು. ಹೆದರಿಸುತ್ತಿದ್ದ ನಾಯಿ ಬಾಲ ಅಲ್ಲಾಡಿಸಿಕೊಂಡು ಹಿಂದೆ ಬಂದಂತಾಗಿತ್ತು ಅವಳಿಗೆ. ಆ ಸಂತೋಷ ಯಾರಿಗಾದರೂ ಅರ್ಥವಾಗುವಂಥದ್ದು.

ಅವಳ ಅಧ್ಯಯನ ಇಷ್ಟು. ನಾಲ್ಕು ಊರುಗಳಿಗೆ ಬೆಳಿಗ್ಗೆ ಎರಡೆರಡು ಬಸ್ಸುಗಳಿದ್ದವು. ಐದನೆಯ ಊರಿಗೆ ಒಂದೂ ಇರಲಿಲ್ಲ. ನಾಲ್ಕರಲ್ಲಿ ಯಾವ ಊರಿನ ಜನ ಬಸ್ಸಿನ ಬಗ್ಗೆ ಹೆಚ್ಚು ತೃಪ್ತರಾಗಿದ್ದಾರೋ ಆ ಊರಿನ ಒಂದು ಬಸ್ಸನ್ನು ತೆಗೆದು ಐದನೆಯ ಊರಿಗೆ ಕೊಡುವುದೆಂದು ಒಂದು ಸಮಿತಿ ಯೋಚಿಸಿತ್ತು. ತೃಪ್ತಿಯನ್ನು ಅಳೆದುಕೊಡುವ ಕೆಲಸ ಮಂದಾಕಿನಿಯ ಪಾಲಿಗೆ ಬಂದಿತ್ತು. ಊರಿಗೆ ಅರವತ್ತರಂತೆ ಮನೆಗಳನ್ನು ಆರಿಸಿ, "ಬಸ್ಸಿನ ಸೌಕರ್ಯ ಹೇಗಿದೆ?" ಎಂದು ಕೇಳಿ, ಒಂದರಿಂದ ಐದರವರೆಗೆ ಅಂಕಿ ಹಾಕಿಕೊಂಡು ಬಂದಿದ್ದಳು. ಏನೂ ಚೆನ್ನಾಗಿಲ್ಲ ಎಂದರೆ ಒಂದು, ತುಂಬ ಚೆನ್ನಾಗಿದೆ ಎಂದರೆ ಐದು. ಸಮಿತಿಯ ಸಭೆ ನಾಡಿದ್ದು.

"ನೋಡಿ ಸರ್," ಎಂದು ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದಳು. "ಮೂರು ಊರುಗಳ ಸರಾಸರಿ ಮೂರರ ಹತ್ತಿರವೇ ಇದೆ. ಬಿದರಗುಂಟೆ ಮಾತ್ರ ನಾಲ್ಕು ಪಾಯಿಂಟ್ ಎಂಟು! ವ್ಯತ್ಯಾಸ ಸಿಗ್ನಿಫಿಕೆಂಟ್, ಆಕಸ್ಮಿಕ ಅಲ್ಲ ಅಂತ ಎರಡು ನಕ್ಷತ್ರಾನೂ ಬಂದಿದೆ. ಬಿದರಗುಂಟೆಯವರು ಸುಖವಾಗಿದ್ದಾರೆ. ಅಲ್ಲಿಂದ ಒಂದು ಬಸ್ಸು ತೆಗೆದರೆ ಯಾರಿಗೂ ನೋವಾಗಲ್ಲ."

ಜೊತೆಗೆ ವರದಿಯ ಮುದ್ರಿತ ಪ್ರತಿಯನ್ನೂ ಮುಂದಿಟ್ಟಳು. ಮುಖಪುಟದಲ್ಲಿ ಒಂದು ಫೋಟೊ ಇತ್ತು. ಬೆಳಗಿನ ಎಳೆಬಿಸಿಲು, ಹೊನ್ನಿನ ಬಣ್ಣದ ಧೂಳು, ರಸ್ತೆಯಂಚಿನಲ್ಲಿ ಸಾಲಾಗಿ ನಡೆದು ಬರುತ್ತಿರುವ ಜನ.

"ಇದು ನಾನೇ ತೆಗೆದದ್ದು ಸರ್. ಬಿದರಗುಂಟೆಗೆ ಮೊದಲ ದಿನ ಹೋಗುವಾಗ ದಾರೀಲಿ. ಚೆನ್ನಾಗಿ ಬಂದಿದೆ ಅಲ್ವಾ?"

"ಚೆನ್ನಾಗಿದೆ," ಎಂದರು ಮೇಷ್ಟ್ರು. ಅವರು ಫೋಟೊವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಲ್ಯಾಪ್‌ಟಾಪಿನ ಪರದೆಯಲ್ಲಿ ನಕ್ಷತ್ರಗಳಿದ್ದ ಕೋಷ್ಟಕವನ್ನು ಬಿಟ್ಟು, ಅದಕ್ಕೂ ಮೇಲಿದ್ದ ಒಂದು ಸಣ್ಣ ಕೋಷ್ಟಕದ ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಈ ಊರಲ್ಲಿ ಕೆಲಸ ಹೇಗಾಯಿತು?" ಎಂದು ಕೇಳಿದರು.

"ಬೇಗ ಮುಗೀತು ಸರ್. ಜನ ಕೆಲಸಕ್ಕೆ ಹೊರಡೋ ಮುಂಚೆ ಸಿಗಲಿ ಅಂತ ಎಲ್ಲಾ ಊರಿಗೂ ಬೆಳಿಗ್ಗೆ ಏಳಕ್ಕೇ ಹೋಗ್ತಿದ್ದೆ. ಬಿದರಗುಂಟೇಲಿ ಒಂದಷ್ಟು ಮನೆಗೆ ಬೀಗ ಬೇರೆ ಹಾಕಿತ್ತು."

ಮೇಷ್ಟ್ರು ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದರು.

"ಕಲಿಯಬೇಕಾದದ್ದು ಏನಿದೆ ಅಂತ ತಾನೇ ನೀನು ಕೇಳಿದ್ದು? ಒಂದು ಕತೆ ಇದೆ, ಕೇಳು," ಎಂದು ಅವರು ಹೇಳತೊಡಗಿದರು.

ಒಂದು ಪಟ್ಟಣ. ಪಟ್ಟಣಕ್ಕೊಂದು ಕೆರೆ. ಕೆರೆಯಿಂದ ನಾಲ್ಕು ಕೇರಿಗಳಿಗೆ ನಾಲ್ಕು ಕಾಲುವೆ. ಪ್ರತಿ ಕೇರಿಗೂ ದಿನಕ್ಕೆ ಎರಡು ಸರದಿ ನೀರು, ಬೆಳಿಗ್ಗೆ ಒಂದು, ಸಂಜೆ ಒಂದು. ಹೊತ್ತಿಗೆ ಸರಿಯಾಗಿ ತೂಬು ತೆರೆದು ಮುಚ್ಚುವುದಕ್ಕೆ ಒಬ್ಬ ನೀರುಗಂಟಿ ಇದ್ದ. ಅವನ ಅಪ್ಪನೂ ನೀರುಗಂಟಿ, ಅಜ್ಜನೂ ನೀರುಗಂಟಿ.

ಒಂದು ವರ್ಷ ಬೇರೆ ಸೀಮೆಯಿಂದ ನೇಕಾರರು ಬಂದು ಐದನೆಯ ಕೇರಿ ಕಟ್ಟಿದರು. ಅವರಿಗೆ ನೀರಿಲ್ಲ. ಇದ್ದ ನಾಲ್ಕರಲ್ಲಿ ಯಾವುದಾದರೂ ಒಂದು ಕೇರಿ ತನ್ನ ಒಂದು ಸರದಿಯನ್ನು ಬಿಟ್ಟುಕೊಡಬೇಕು.

ಪಟ್ಟಣದ ಒಡೆಯ ನ್ಯಾಯವಂತ. ತನಗೆ ಬೇಕಾದವರ ಕೇರಿ, ಬೇಡಾದವರ ಕೇರಿ ಎಂದು ನೋಡುವವನಲ್ಲ. ತನ್ನ ಗುಮಾಸ್ತನನ್ನು ಕರೆದು ಹೇಳಿದ: "ಮನೆ ಮನೆಗೆ ಹೋಗಿ ಕೇಳು. ಯಾವ ಕೇರಿಯವರಿಗೆ ನೀರಿನ ಸುಖ ಹೆಚ್ಚೋ ಅಲ್ಲಿಯ ಸಂಜೆಯ ಸರದಿ ನೇಕಾರರಿಗೆ."

ಗುಮಾಸ್ತ ಚುರುಕಾದವನು. ಮನೆಗೊಂದು ಸಣ್ಣ ಬಟ್ಟೆಯ ಚೀಲ ಹೊಲಿಸಿದ. ಒಂದು ಗೋಣಿ ಅವರೆಕಾಳು ತರಿಸಿದ. ಪ್ರತಿ ಬಾಗಿಲಲ್ಲೂ ನಿಂತು, "ನೀರು ಸಾಲದಿದ್ದರೆ ಒಂದು ಕಾಳು, ಬೇಕಾದಷ್ಟು ಸಿಗುತ್ತಿದ್ದರೆ ಐದು ಕಾಳು, ನಡುವೆ ನಿಮಗೆ ತೋಚಿದಷ್ಟು. ನೀವೇ ಎಣಿಸಿ ಚೀಲಕ್ಕೆ ಹಾಕಿ," ಎಂದ. ಜನ ಹಾಕಿದರು. ಅವನು ಚೀಲದ ಬಾಯಿ ಕಟ್ಟಿದ. ಯಾರ ಕಾಳನ್ನೂ ಅವನು ಮುಟ್ಟಲಿಲ್ಲ. ಅಷ್ಟು ಪ್ರಾಮಾಣಿಕ.

ಕೆಲವು ಮನೆಗಳಿಗೆ ಬೀಗ ಹಾಕಿತ್ತು. ಖಾಲಿ ಚೀಲ ಒಪ್ಪಿಸಿದರೆ, ಗುಮಾಸ್ತ ಆ ಮನೆಗೆ ಹೋಗಲೇ ಇಲ್ಲ ಎಂದು ನಾಳೆ ಯಾರಾದರೂ ಆಡಿಕೊಳ್ಳಬಹುದು. ಅದಕ್ಕೆ ಅವನೊಂದು ಉಪಾಯ ಮಾಡಿದ. ಬೀಗದ ಮನೆಯ ಚೀಲಕ್ಕೆ ತಾನೇ ಒಂಬತ್ತು ಕಾಳು ಹಾಕಿದ. ಐದರ ಮೇಲೆ ಯಾರೂ ಹಾಕುವಂತಿಲ್ಲ. ಹಾಗಾಗಿ ಒಂಬತ್ತು ಕಂಡರೆ ಅದು ಉತ್ತರವಲ್ಲ, ಇಲ್ಲಿ ಯಾರೂ ಇರಲಿಲ್ಲ ಎಂಬುದರ ಗುರುತು. ಉಪಾಯ ಒಳ್ಳೆಯದೇ. ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಆ ಪಟ್ಟಣದಲ್ಲಿ ಒಬ್ಬ ವರ್ತಕನಿದ್ದ. ದೂರದೇಶದಿಂದ ಒಂದು ತಕ್ಕಡಿ ತಂದಿದ್ದ. ಅದು ಅಂತಿಂಥ ತಕ್ಕಡಿಯಲ್ಲ. ಒಂದು ಕೇರಿಯ ಚೀಲಗಳನ್ನೆಲ್ಲ ತಟ್ಟೆಗೆ ಸುರಿದು, ಎಷ್ಟು ಮನೆ ಎಂದು ಹೇಳಿದರೆ ಸಾಕು. ಚೀಲದ ಭಾರವನ್ನು ತಾನೇ ಕಳೆದು, ಮನೆಗೆ ಎಷ್ಟು ಕಾಳು ಎಂದು ಮುಳ್ಳು ತೋರಿಸುತ್ತಿತ್ತು. ಎಣಿಸುವ ಕೆಲಸವಿಲ್ಲ, ಭಾಗಿಸುವ ಕೆಲಸವಿಲ್ಲ. ಗುಮಾಸ್ತ ವರ್ತಕನ ಅಂಗಡಿಯಲ್ಲಿ ಕೂತು ಅದನ್ನು ನಡೆಸುವುದನ್ನು ಕಲಿತ. ಎಷ್ಟು ದಿನ ಕಲಿತ ಅಂತೀಯಾ? ಹತ್ತು ದಿನ.

ಮಂದಾಕಿನಿ ನಕ್ಕಳು. ಮೇಷ್ಟ್ರು ನಗಲಿಲ್ಲ.

ಒಡೆಯನ ಮುಂದೆ ತೂಕ ನಡೆಯಿತು. ಮೂರು ಕೇರಿಗಳಲ್ಲಿ ಮುಳ್ಳು ಮೂರರ ಆಸುಪಾಸಿನಲ್ಲಿ ನಿಂತಿತು. ಮೂಡಲ ಕೇರಿಯಲ್ಲಿ ಇಪ್ಪತ್ತು ಮನೆ. ಇಪ್ಪತ್ತು ಚೀಲ ಸುರಿದಾಗ ಮುಳ್ಳು ಸರಸರನೆ ಏರಿ ಐದರ ಹೊಸ್ತಿಲಲ್ಲಿ ನಿಂತಿತು. ಇನ್ನೊಂದು ಕೂದಲೆಳೆ ಸರಿದಿದ್ದರೆ ಐದೇ. ನೋಡಿದವರೆಲ್ಲ ತಲೆದೂಗಿದರು. "ಮೂಡಲ ಕೇರಿಯವರು ಪುಣ್ಯವಂತರು," ಎಂದ ಒಡೆಯ. ಸಂಜೆಯಿಂದಲೇ ಆ ಕೇರಿಯ ತೂಬು ಮುಚ್ಚಲು ನೀರುಗಂಟಿಗೆ ಅಪ್ಪಣೆಯಾಯಿತು.

ನೀರುಗಂಟಿ ಬಂದು ಕೈಮುಗಿದು ನಿಂತ. ಓದು ಬರಹ ಬಾರದವನು. ತಕ್ಕಡಿಯನ್ನು ಅದೇ ಮೊದಲು ನೋಡಿದ್ದು.

"ಮುಚ್ಚೋದು ನನ್ ಕೆಲ್ಸ, ಮುಚ್ತೀನಿ ಬುದ್ಧಿ," ಎಂದ. "ಆದ್ರೆ ದಿನಾ ಆ ಕಾಲುವೆ ಗುಂಟ ಓಡಾಡೋನು ನಾನು. ಅದರ ತುದೀಲಿ ನೆಲ ಬಿರುಕು ಬಿಟ್ಟೈತೆ. ಅಲ್ಲಿ ಇಷ್ಟೊಂದು ಸುಖವಾಗಿರೋರು ಯಾರು ಅಂತ ಒಂದ್ಸಲ ನೋಡ್ತೀನಿ, ಅಪ್ಪಣೆ ಕೊಡಿ."

ಒಡೆಯ ಕೊಟ್ಟ. ನೀರುಗಂಟಿ ತಟ್ಟೆಯ ಮೇಲಿದ್ದ ಚೀಲಗಳನ್ನು ಒಂದೊಂದಾಗಿ ಅಂಗೈಯಲ್ಲಿಟ್ಟು ನೋಡಿದ. ಒಂದು ಚೀಲ ದಪ್ಪಗಿತ್ತು. ಬಾಯಿ ಬಿಚ್ಚಿ ಎಣಿಸಿದ. ಒಂಬತ್ತು. ಇನ್ನೊಂದು ದಪ್ಪ ಚೀಲ ಬಿಚ್ಚಿದ. ಅದರಲ್ಲೂ ಒಂಬತ್ತು. ಅಂಥವು ಐದು ಚೀಲಗಳಿದ್ದವು.

ಗುಮಾಸ್ತ ನಕ್ಕ. "ಅದು ಉತ್ತರವಲ್ಲ ಕಣಯ್ಯಾ, ಗುರುತು. ಆ ಮನೆಗಳಿಗೆ ಬೀಗ ಹಾಕಿತ್ತು."

"ಹೌದಾ? ಗುರುತು ಅಂತ ತಕ್ಕಡಿಗೆ ಹೇಳಿದ್ರಾ?" ಎಂದ ನೀರುಗಂಟಿ.

"ಸರ್, ನಿಲ್ಸಿ! ಒಂದು ನಿಮಿಷ!" ಮಂದಾಕಿನಿ ಕುರ್ಚಿಯಿಂದ ಎದ್ದೇಬಿಟ್ಟಿದ್ದಳು.

ಲ್ಯಾಪ್‌ಟಾಪನ್ನು ತನ್ನ ಕಡೆಗೆಳೆದು ತೆರೆದಳು. ಮೇಷ್ಟ್ರು ಬೆರಳಿಟ್ಟಿದ್ದ ಸಾಲನ್ನು ಈಗ ಓದಿದಳು. ಕನಿಷ್ಠ ಅಂಕಿ, ಒಂದು. ಗರಿಷ್ಠ ಅಂಕಿ, ಒಂಬತ್ತು. ಐದಕ್ಕೆ ನಿಲ್ಲಬೇಕಾದ ಕಡೆ ಒಂಬತ್ತು. ವಾರದಿಂದ ಆ ಸಾಲು ಅವಳ ಕಣ್ಣೆದುರಿಗೇ ಇತ್ತು. ನಕ್ಷತ್ರಗಳನ್ನು ನೋಡುವ ಆತುರದಲ್ಲಿ ಅವಳು ಅದನ್ನು ದಾಟಿಕೊಂಡು ಹೋಗಿದ್ದಳು.

"ಶಿಬಿರದಲ್ಲಿ ಹೇಳಿಕೊಟ್ಟಿದ್ರು ಸರ್. ಯಾವ ಮನೆಯ ಖಾನೇನೂ ಖಾಲಿ ಬಿಡಬಾರದು, ಉತ್ತರ ಸಿಗದಿದ್ದರೆ ಒಂಬತ್ತು ಹಾಕಿ ಅಂತ. ನಾನು ಹಾಕಿದೆ. ಆದರೆ ಒಂಬತ್ತು ಅಂದರೆ ಉತ್ತರ ಇಲ್ಲ ಅಂತ ತಂತ್ರಾಂಶಕ್ಕೆ ಹೇಳಬೇಕಿತ್ತು. ಅದನ್ನು ಮರೆತೆ."

ಹೇಳುತ್ತಲೇ ಅವಳ ಬೆರಳು ಓಡಿದವು. ಅಂಕಣವನ್ನು ತೆರೆದು, ಒಂಬತ್ತನ್ನು ಲೆಕ್ಕದಿಂದ ಕೈಬಿಡುವಂತೆ ಗುರುತು ಮಾಡಿದಳು. ಬಿದರಗುಂಟೆಯ ಅರವತ್ತು ಮನೆಗಳಲ್ಲಿ ಹದಿನೈದು ಪಕ್ಕಕ್ಕೆ ಸರಿದವು. ಉಳಿದ ಊರುಗಳಲ್ಲಿ ಹಾಗೆ ಸರಿದದ್ದು ಒಂದೋ ಎರಡೋ. ಮತ್ತೆ ಲೆಕ್ಕ ಓಡಿಸಿದಳು. ಬಿದರಗುಂಟೆಯ ನಾಲ್ಕು ಪಾಯಿಂಟ್ ಎಂಟು, ಮೂರು ಪಾಯಿಂಟ್ ನಾಲ್ಕಕ್ಕೆ ಇಳಿಯಿತು.

ಅವಳ ಮುಖ ಕೆಂಪಾಯಿತು. ನಾಚಿಕೆಯಾಗುವುದು ಸಹಜವೇ. ಆದರೆ ಅವಳು ಬೇಗ ಚೇತರಿಸಿಕೊಳ್ಳುವ ಹುಡುಗಿ. ಕೋಷ್ಟಕವನ್ನು ಇನ್ನೊಮ್ಮೆ ನೋಡಿದಳು, ಮತ್ತೊಮ್ಮೆ ನೋಡಿದಳು. ಬೆನ್ನು ನೆಟ್ಟಗಾಯಿತು.

"ತಪ್ಪು ನನ್ನದೇ ಸರ್, ಒಪ್ಕೋತೀನಿ. ಸಭೆಗೆ ಹೋಗೋ ಮುಂಚೆ ಸಿಕ್ಕಿದ್ದು ಒಳ್ಳೇದಾಯ್ತು. ಆದರೆ ನೋಡಿ, ಉಳಿದ ಮೂರೂ ಇನ್ನೂ ಕೆಳಗೇ ಇವೆ. ಮೂರು ಪಾಯಿಂಟ್ ಒಂದು, ಮೂರು, ಎರಡು ಪಾಯಿಂಟ್ ಒಂಬತ್ತು. ಎರಡು ನಕ್ಷತ್ರದಲ್ಲಿ ಒಂದು ಹೋಯ್ತು, ಒಂದು ಉಳಿದಿದೆ. ತೀರ್ಮಾನ ಬದಲಾಗಲಿಲ್ಲ. ಬಿದರಗುಂಟೆಯೇ ಮೊದಲು. ಕತೆ ಅರ್ಥವಾಯ್ತು ಸರ್."

"ಗುಮಾಸ್ತನೂ ಅಕ್ಷರಕ್ಷರ ಇದೇ ಮಾತು ಹೇಳಿದ," ಎಂದರು ಮೇಷ್ಟ್ರು. "ಕೂತುಕೋ. ಕತೆ ಇನ್ನೂ ಅರ್ಧ ಇದೆ."

ಮಂದಾಕಿನಿ ಕೂತಳು. ಲ್ಯಾಪ್‌ಟಾಪು ತೆರೆದೇ ಇತ್ತು.

ಗುಮಾಸ್ತ ಒಡೆಯನ ಎದುರಿಗೇ ಆ ಐದು ದಪ್ಪ ಚೀಲಗಳನ್ನು ತಟ್ಟೆಯಿಂದ ತೆಗೆದು ಕೆಳಗಿಟ್ಟ. ಇಪ್ಪತ್ತು ಮನೆಯಲ್ಲ, ಹದಿನೈದು ಮನೆ ಎಂದು ತಕ್ಕಡಿಗೆ ತಿದ್ದಿ ಹೇಳಿದ. ಮುಳ್ಳು ಇಳಿಯಿತು. ಮೂರು ದಾಟಿ, ಮೂರೂವರೆಗೆ ಸ್ವಲ್ಪ ಕೆಳಗೆ ನಿಂತಿತು. ಆದರೂ ಮೂಡಲ ಕೇರಿಯೇ ಎಲ್ಲಕ್ಕಿಂತ ಮೇಲೆ. ಗುಮಾಸ್ತ ಗೆದ್ದವನಂತೆ ಸುತ್ತಲೂ ನೋಡಿದ. ಒಡೆಯನಿಗೂ ಸಮಾಧಾನವಾಯಿತು. "ತಪ್ಪು ತಿದ್ದಿದ್ದಾಯಿತಲ್ಲ, ಇನ್ನು ಹೋಗಿ ತೂಬು ಮುಚ್ಚು," ಎಂದ.

ನೀರುಗಂಟಿ ಕದಲಲಿಲ್ಲ. ನೆಲದ ಮೇಲಿದ್ದ ಐದು ಚೀಲಗಳನ್ನೇ ನೋಡುತ್ತಿದ್ದ.

"ಐದು ಚೀಲ ಕೆಳಗಿಟ್ರಿ, ಸರಿ," ಎಂದ. "ಆ ಐದು ಮನೇನ ಎಲ್ಲಿಟ್ರಿ?"

ಗುಮಾಸ್ತನಿಗೆ ರೇಗಿತು. ಉತ್ತರ ಕೊಡದವರ ಉತ್ತರವನ್ನು ತಾನು ಎಲ್ಲಿಂದ ತರಲಿ ಎಂದು ಕೇಳಿದ. ನ್ಯಾಯವಾದ ಪ್ರಶ್ನೆಯೇ. ನೀರುಗಂಟಿ ಅದಕ್ಕೆ ವಾದ ಮಾಡಲಿಲ್ಲ. "ಒಂದು ದಿನ ಕೊಡಿ ಬುದ್ಧಿ, ತೂಬು ನಾಳೇನೂ ಅಲ್ಲೇ ಇರ್ತೈತೆ," ಎಂದ. ಒಡೆಯ ಒಂದು ದಿನ ಕೊಟ್ಟ.

ಮಾರನೆಯ ಬೆಳಿಗ್ಗೆ ನೀರುಗಂಟಿ, ಗುಮಾಸ್ತ ಇಬ್ಬರೂ ಮೂಡಲ ಕೇರಿಗೆ ಹೋದರು. ಐದು ಮನೆಗಳೂ ಒಂದೇ ಕಡೆ ಇದ್ದವು, ಕಾಲುವೆಯ ಕಟ್ಟಕಡೆಯಲ್ಲಿ. ಗುಮಾಸ್ತ ಅದನ್ನು ಮೊದಲೂ ನೋಡಿದ್ದ. ಆದರೆ ತಟ್ಟೆಗೆ ಬಿದ್ದ ಮೇಲೆ ಚೀಲಕ್ಕೆ ಮೊದಲು ಕೊನೆ ಎಂಬುದಿರಲಿಲ್ಲ. ಹಾಗಾಗಿ ಮರೆತಿದ್ದ. ಈಗಲೂ ಐದಕ್ಕೂ ಬೀಗ.

"ನೋಡಿದೆಯಾ? ಇವತ್ತೂ ಯಾರೂ ಇಲ್ಲ, ನಡಿ," ಎಂದ ಗುಮಾಸ್ತ.

ನೀರುಗಂಟಿ ಮೊದಲ ಮನೆಯ ಜಗಲಿಯ ಧೂಳನ್ನು ಹೆಗಲ ವಸ್ತ್ರದಿಂದ ಒರೆಸಿ ಕೂತ. ಪಕ್ಕದಲ್ಲಿ ಜಾಗ ತೋರಿಸಿದ.

"ಬೀಗ ತೆಗಿಯೋವರ್ಗೂ," ಎಂದ.

ಗುಮಾಸ್ತ ಕೂತ. ಹಾಗೆ ಕೂರುವುದು ಅವನಿಗೆ ಅಭ್ಯಾಸವಿರಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಕಾಲುವೆಗೆ ಇಣುಕಿ ಬಂದ. ಬೆಳಗಿನ ಸರದಿಯ ನೀರು ಕೇರಿಯ ಮುಂಭಾಗದ ಮನೆಗಳ ಮುಂದೆ ಹರಿಯುತ್ತಿತ್ತು. ನಡುವೆ ತೆಳ್ಳಗಾಗಿ, ಇಲ್ಲಿಗೆ ಬರುವ ಮುಂಚೆಯೇ ಮಣ್ಣಿಗೆ ಇಂಗಿ ಹೋಗುತ್ತಿತ್ತು. ಮತ್ತೆ ಬಂದು ಕೂತ. ಬಿಸಿಲು ಏರಿತು. ಹಸಿವಾಯಿತು. ಇಷ್ಟು ಹೊತ್ತಿನಲ್ಲಿ ನಲವತ್ತು ಚೀಲ ತುಂಬಿಸಬಹುದಿತ್ತು ಎಂದು ಗೊಣಗಿದ. ನೀರುಗಂಟಿ ಸುಮ್ಮನೆ ಎಲೆ ಅಡಿಕೆ ಹಾಕಿಕೊಂಡ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಕೇರಿಯಾಚೆಯ ಕಾಲುದಾರಿಯಲ್ಲಿ ಹೆಂಗಸರು ಕಾಣಿಸಿಕೊಂಡರು. ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ. ಹಿಂದೆ ಗಂಡಸರು, ಹೆಗಲ ಮೇಲೆ ಅಡ್ಡೆ, ಅಡ್ಡೆಯ ಎರಡು ತುದಿಗೂ ಗಡಿಗೆ. ಮುಂದಿದ್ದ ಹೆಂಗಸು ಜಗಲಿಯ ಮೇಲೆ ಕೂತವರನ್ನು ನೋಡಿ ಗಾಬರಿಯಾದಳು. ಕೊಡಗಳನ್ನು ಇಳಿಸಿ, ಸೆರಗಿನಿಂದ ಬೀಗದ ಕೈ ಬಿಚ್ಚಿದಳು.

ಗುಮಾಸ್ತ ಎದ್ದು ನಿಂತ. ಕೈಯಲ್ಲಿ ಚೀಲವಿತ್ತು, ಕಾಳೂ ಇತ್ತು. ಒಂದು ಎಂದರೆ ನೀರು ಸಾಲದು, ಐದು ಎಂದರೆ ಬೇಕಾದಷ್ಟು, ಎಷ್ಟು ಹಾಕುತ್ತೀಯಮ್ಮ ಎಂದು ಕೇಳಬೇಕಿತ್ತು. ನಾಲ್ಕೂ ಕೇರಿಗಳಲ್ಲಿ ಎಷ್ಟೋ ಸಲ ಕೇಳಿದ ಪ್ರಶ್ನೆ. ಅಂದು ಅವನು ಚೀಲವನ್ನೂ ಕಾಳನ್ನೂ ನೀರುಗಂಟಿಯ ಕಡೆ ಚಾಚಿದ. ಕೊನೆಗೆ ನೀರುಗಂಟಿಯೇ ಕೇಳಿದ.

ಹೆಂಗಸು ಕಾಳನ್ನೂ ನೋಡಿದಳು, ಗುಮಾಸ್ತನನ್ನೂ ನೋಡಿದಳು.

"ಒಂದಾದ್ರೂ ಯಾಕೆ ಹಾಕ್ಲಿ ಸ್ವಾಮಿ? ಇದನ್ನ ನೆನೆಹಾಕಕ್ಕೂ ನಮ್ಮನೇಲಿ ನೀರಿಲ್ಲ," ಎಂದು ಕೊಡ ಎತ್ತಿಕೊಂಡು ಒಳಗೆ ಹೋದಳು.

ಗುಮಾಸ್ತ ಉಳಿದ ನಾಲ್ಕು ಮನೆಗಳಲ್ಲೂ ಕೇಳಿದ. ಅಲ್ಲಿಯೂ ಯಾರೂ ಕಾಳು ಮುಟ್ಟಲಿಲ್ಲ. ಐದು ಖಾಲಿ ಚೀಲಗಳನ್ನು ಹಿಡಿದು ಒಡೆಯನ ಬಳಿಗೆ ಹೋದ. ಇಲ್ಲಿ ಅವನ ದೊಡ್ಡತನ ನೋಡು. ಬೀಗದ ಮೇಲೆ ತಪ್ಪು ಹೊರಿಸಲಿಲ್ಲ, ತಕ್ಕಡಿಯ ಮೇಲೂ ಹೊರಿಸಲಿಲ್ಲ. ಮೊದಲಿನ ಹದಿನೈದು ಚೀಲಗಳ ಜೊತೆಗೆ ಐದು ಖಾಲಿ ಚೀಲಗಳನ್ನೂ ತಟ್ಟೆಗೆ ಹಾಕಿ, ಇಪ್ಪತ್ತು ಮನೆ ಎಂದು ತಕ್ಕಡಿಗೆ ಹೇಳಿದ. ಮುಳ್ಳು ಇಳಿದು ಎರಡೂವರೆಯ ಹತ್ತಿರ ನಿಂತಿತು. ನಾಲ್ಕೂ ಕೇರಿಗಳಲ್ಲಿ ಅದಕ್ಕಿಂತ ಕೆಳಗೆ ಯಾವುದೂ ಇರಲಿಲ್ಲ.

"ನೀರಿದ್ದವರು ಮನೆಯಲ್ಲಿದ್ದರು ಒಡೆಯಾ," ಎಂದ ಗುಮಾಸ್ತ. "ನೀರಿಲ್ಲದವರು ನೀರಿಗೆ ಹೋಗಿದ್ದರು. ಮನೆಯಲ್ಲಿದ್ದವರನ್ನು ಕೇಳಿ, ಕೇರಿಯನ್ನೇ ಕೇಳಿದೆ ಅಂದುಕೊಂಡೆ ನಾನು."

ಒಡೆಯ ಅಪ್ಪಣೆಯನ್ನು ಹಿಂದಕ್ಕೆ ಪಡೆದ. ನೇಕಾರರಿಗೆ ತನ್ನ ತೋಟದ ಸರದಿಯನ್ನೇ ಬಿಟ್ಟುಕೊಟ್ಟ. ಮೂಡಲ ಕೇರಿಯ ಕಾಲುವೆಯನ್ನು ತುದಿಯವರೆಗೂ ಕಲ್ಲು ಹಾಸಿ ಕಟ್ಟಿಸಿದ. ಗುಮಾಸ್ತ ಆಮೇಲೂ ಗುಮಾಸ್ತನಾಗಿಯೇ ಇದ್ದ, ಅದೇ ತಕ್ಕಡಿಯಲ್ಲೇ ತೂಗುತ್ತಿದ್ದ. ಬೀಗದ ಮನೆಗೆ ಒಂಬತ್ತು ಕಾಳು ಹಾಕುವುದನ್ನೂ ಬಿಡಲಿಲ್ಲ. ಆದರೆ ಒಂಬತ್ತು ಹಾಕಿದ ಮನೆಗೆ ಎರಡನೆಯ ಸಲ ಹೋಗಿ, ಜಗಲಿಯ ಮೇಲೆ ಕೂರುವುದನ್ನು ಕಲಿತ. ಅಷ್ಟನ್ನು ಕಲಿಯುವುದಕ್ಕೆ ಅವನಿಗೆ ಹತ್ತು ದಿನ ಬೇಕಾಗಲಿಲ್ಲ. ಒಂದು ಹೊತ್ತು ಸಾಕಾಯಿತು.

ಮೇಷ್ಟ್ರು ಕತೆ ನಿಲ್ಲಿಸಿದರು. ಹೂಜಿಯಿಂದ ನೀರು ಬಗ್ಗಿಸಿಕೊಂಡು ಕುಡಿದರು.

ಮಂದಾಕಿನಿ ಪರದೆಯ ಮೇಲಿದ್ದ ಆ ಒಂದು ನಕ್ಷತ್ರವನ್ನೇ ನೋಡುತ್ತಿದ್ದಳು. ಅದು ಈಗಲೂ ಅಲ್ಲೇ ಇತ್ತು. ಲೆಕ್ಕ ಎಲ್ಲಿಯೂ ತಪ್ಪಿರಲಿಲ್ಲ. ಆದರೂ ಅವಳು ಅಷ್ಟು ಸುಲಭಕ್ಕೆ ಸೋಲೊಪ್ಪುವವಳಲ್ಲ. ಅದು ಅವಳ ಒಳ್ಳೆಯ ಗುಣ ಎಂದೇ ಮೇಷ್ಟ್ರು ತಿಳಿದಿದ್ದರು.

"ಕತೆ ಸರಿ ಸರ್," ಎಂದಳು. "ಆದರೆ ಕತೆಯಲ್ಲಿ ಆ ಮನೆಯವರು ನೀರಿಗೆ ಹೋಗಿದ್ದರು ಅಂತ ನೀವು ಇಟ್ಟುಕೊಂಡಿದ್ದೀರಿ. ಬಿದರಗುಂಟೇಲಿ ಆ ಹದಿನೈದು ಮನೆಯವರು ಮದುವೆಗೆ ಹೋಗಿರಬಹುದು, ಹೊಲಕ್ಕೆ ಹೋಗಿರಬಹುದು. ಬಸ್ಸಿಗೂ ಅವರ ಬೀಗಕ್ಕೂ ಸಂಬಂಧ ಇದೆ ಅಂತ ನಾನು ಹೇಗೆ ಹೇಳಲಿ? ನನ್ನ ಹತ್ತಿರ ಅವರ ಬಗ್ಗೆ ಒಂದೇ ಒಂದು ಮಾಹಿತಿ ಇಲ್ಲ."

ಮೇಷ್ಟ್ರು ಮೇಜಿನ ಮೇಲಿದ್ದ ವರದಿಯನ್ನು ಕೈಗೆತ್ತಿಕೊಂಡರು. ಒಳಗಿನ ಯಾವ ಪುಟವನ್ನೂ ತೆರೆಯಲಿಲ್ಲ. ಮುಖಪುಟವನ್ನು ಅವಳ ಕಡೆ ತಿರುಗಿಸಿ ಮುಂದಿಟ್ಟರು.

ಅವಳೇ ತೆಗೆದ ಫೋಟೊ. ಅವಳೇ ಆರಿಸಿದ್ದು. ಎಳೆಬಿಸಿಲಿನಲ್ಲಿ ಬಿದರಗುಂಟೆಯ ಕಡೆಯಿಂದ ನಡೆದು ಬರುತ್ತಿದ್ದವರ ಕೈಯಲ್ಲಿ ಊಟದ ಡಬ್ಬಿಗಳಿದ್ದವು. ಇಬ್ಬರು ಹುಡುಗಿಯರ ಬೆನ್ನಿಗೆ ಕಾಲೇಜಿನ ಚೀಲವಿತ್ತು. ಒಬ್ಬ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು. ಹೊನ್ನಿನ ಬಣ್ಣದ ಆ ಧೂಳು ಎಲ್ಲಿಂದ ಎದ್ದಿತ್ತೆಂದು ಮಂದಾಕಿನಿ ಇದುವರೆಗೆ ನೋಡಿರಲಿಲ್ಲ. ಈಗ ನೋಡಿದಳು. ಫೋಟೊದ ಎಡ ಅಂಚಿನಲ್ಲಿ, ಇವರನ್ನು ಹಿಂದೆ ಬಿಟ್ಟು ಬಂದ ಬಸ್ಸಿನ ಒಂದು ಪಕ್ಕ ಕಾಣುತ್ತಿತ್ತು. ಅದರ ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲದೆ ಜನ ಜೋತುಬಿದ್ದಿದ್ದರು.

ಮೇಷ್ಟ್ರು ಆ ಸಾಲಿನಲ್ಲಿ ಎಲ್ಲರಿಗಿಂತ ಹಿಂದಿದ್ದ ಹುಡುಗಿಯ ಮೇಲೆ ಬೆರಳಿಟ್ಟರು.

"ಇವಳ ಮನೆಗೆ ನೀನು ಹಾಕಿದ ಅಂಕಿ ಎಷ್ಟಮ್ಮಾ?"

ಮಂದಾಕಿನಿ ಒಂಬತ್ತು ಹಾಕಿದ್ದ ಆ ಹದಿನೈದು ಮನೆಗಳ ಪಟ್ಟಿಯನ್ನು ಪರದೆಯ ಮೇಲೆ ತೆರೆದಳು.